ಜೋಡಿದಾರ ಬಂದ ಬೆಳಗು

ಸಾಸಿವೆ ಸಿಡಿಯುವ ಹೊತ್ತಿಗೇ ಹೊರಗೆ ನಗು, ಯಾರದು ಇದು, ಇವರದೇ, ನನ್ನ ಗಂಡನದೇ, ಮೂರು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡು ಟೀವಿಯ ಮುಂದೆ ಕೂತ ಮನುಷ್ಯನದು — ಈರುಳ್ಳಿ ಹಾಕು ಹೌಸಾ, ಒಗ್ಗರಣೆ ಕರಕಲಾಗುತ್ತದೆ — ಆರು ಸೈನಿಕರು ಹಿಮದ ಕೆಳಗೆ, ಆರು ಸೈನಿಕರು ಹಿಮದ ಕೆಳಗೆ ಅಂತ ಟೀವಿಯ ಹುಡುಗಿ ಮೂರು ದಿನದಿಂದ ಒಂದೇ ಸಮ ಕಿರುಚುತ್ತಿದ್ದಾಳೆ, ಇವರು ಅದನ್ನೇ ನೋಡುತ್ತಾರೆ, ಜೋಳದ ಭಾಕರಿ ಮುರಿದು ತಟ್ಟೆಯಲ್ಲೇ ಬಿಡುತ್ತಾರೆ, ಏನಾದರೂ ಹೇಳ್ರಿ ಅಂದರೆ ಏನಿಲ್ಲ, ಮೂವತ್ತು ವರ್ಷದಿಂದ ನನ್ನ ಪಾಲಿಗೆ ಬಂದದ್ದು ಈ ಏನಿಲ್ಲ ಒಂದೇ, ಈಗ ನೋಡು, ಇವರ ಸೈನ್ಯದ ಗೆಳೆಯ ಬಬನ ಶೇಡಗೆ ಕೋರೆಗಾವಿನಿಂದ ಮೊದಲ ಬಸ್ಸಿಗೆ ಬಂದು ಚಪ್ಪಲಿ ಬಿಟ್ಟಿದ್ದಾನೆ, ಇನ್ನೂ ಕೂತೂ ಇಲ್ಲ, ನಗು ಬಂದುಬಿಟ್ಟಿತು. ನಾನೇ ಕರೆಸಿದ್ದು. ನಿನ್ನೆ ಸಂಜೆ ಹಲ್ಲು ಕಚ್ಚಿಕೊಂಡು ಫೋನ್ ಮಾಡಿದೆ, ಭಾವೋಜಿ, ಇವರು ಉಣ್ಣಾಕ ಒಲ್ಲರು, ಒಂದೀಟು ಬಂದು ಹೋಗ್ರಿ, ಅತ್ತ ಕಡೆ ಅವನು ಯಾಕೆ ಏನು ಅಂತ ಕೇಳಲೇ ಇಲ್ಲ, ನಾನೂ ನೋಡಾಕತ್ತೀನಿ ವಹಿನಿ, ಬರ್ತೀನಿ, ಅಷ್ಟೇ. ಅವನಿಗೆ ಕಾರಣ ಗೊತ್ತು, ಹೆಂಡತಿಯಾದ ನನಗೆ ಗೊತ್ತಿಲ್ಲ. ಅರಿಶಿನ ಎಲ್ಲಿಟ್ಟೆ.

ರಾಮ್ ರಾಮ್ ಅನ್ನಲಿಲ್ಲ, ಬಂದವನೇ ಇವರ ಮೂಗು ಹಿಡಿದ, ಪ್ರತಿ ಸಲ ಹೀಗೇ, ಮೊದಲು ಮೂಗು, ಆಮೇಲೆ ಎಡಗಿವಿ, ಬಲಗಿವಿ, ಏ ಸರ್ಜ್ಯಾ, ಎಲ್ಲಾ ಜಾಗಾದಾಗ ಐತಿ ಬಿಡಲೇ, ಉದುರಿಲ್ಲ ಅಂತ ಅವನು, ನಿಂದ ಹೊಟ್ಟಿ ಒಂದು ಮುಂದ ಬಂದೈತಿ ನೋಡು ಅಂತ ಇವರು. ಇಬ್ಬರೂ ಕಾವಲಿದ್ದ ಆ ಹಿಮನದಿಯ ಹೆಸರನ್ನು ಇವರು ಹೇಳುವುದಿಲ್ಲ, ಮೇಲೆ ಅನ್ನುತ್ತಾರೆ, ಮೇಲೆ ಇದ್ದಾಗ, ಮೇಲೆ ಹೋದಾಗ, ಅಲ್ಲಿ ಒಬ್ಬೊಬ್ಬನಿಗೂ ಒಬ್ಬ ಜೋಡಿದಾರನಂತೆ, ತನ್ನ ಮುಖ ತನಗೆ ಕಾಣುವುದಿಲ್ಲವಲ್ಲ, ಮೂಗು ಬೆಳ್ಳಗಾಗಿ ಸತ್ತರೂ ಗೊತ್ತಾಗುವುದಿಲ್ಲ, ಜೋಡಿದಾರ ಗಂಟೆಗೊಮ್ಮೆ ಮುಟ್ಟಿ ನೋಡಿ ಹೇಳಬೇಕು — ಇದನ್ನೂ ನನಗೆ ಯಾರೂ ಹೇಳಿದ್ದಲ್ಲ, ನಾದಿನಿಯ ಮದುವೆಯಲ್ಲಿ ಬಬನ ಅಡುಗೆಯವನಿಗೆ ಹೇಳುತ್ತಿದ್ದ, ಹಿಟ್ಟು ನಾದುತ್ತಾ ಕೇಳಿಸಿಕೊಂಡೆ. ಮೂರು ತಿಂಗಳು ನೋಡಿದ್ದಾನೆ ಅವನು ಈ ಮುಖವನ್ನು. ನಾನು ಮಕ್ಕಳು ಮೊಮ್ಮಕ್ಕಳು ಆಗುವವರೆಗೆ ನೋಡಿದ್ದೇನೆ, ಜ್ವರ ಬಂದಾಗ, ಗಡ್ಡ ನೆರೆತಾಗ, ಮಗಳನ್ನು ಕಳಿಸಿಕೊಟ್ಟ ದಿನ ಹಿತ್ತಿಲಲ್ಲಿ ನಿಂತಾಗ, ಆದರೂ ನಾನು ಕೈ ಚಾಚಿದರೆ ಆ ಮುಖ ಒಂದಿಷ್ಟು ಹಿಂದೆ ಸರಿಯುತ್ತದೆ, ಅವನು ಮೂಗು ಹಿಂಡಿದರೆ ನಗುತ್ತದೆ. ಮೀಸೆ ಇರುವ ಸವತಿ. ಹೊಟ್ಟೆ ಉರಿಯುತ್ತದೆ, ಉರಿಯಲಿ, ನನ್ನ ಹೊಟ್ಟೆ. ಅವನ ತಟ್ಟೆಗೆ ಶೇಂಗಾ ಕಡಿಮೆ ಹಾಕಿದೆ, ಇವರ ತಟ್ಟೆಗೆ ಆರಿಸಿ ಆರಿಸಿ ಹಾಕಿದೆ, ಕೊತ್ತಂಬರಿ ಇಬ್ಬರಿಗೂ ಹಾಕಲೇಬೇಕು, ಕಾಣುತ್ತದೆ.

ಈ ಟೀವಿ ಹುಡುಗಿ ಒದರೂದು ನೋಡಲೇ, ಮೇಲೆ ಇಷ್ಟು ಒದರಿದ್ರ ಇನ್ನೊಂದು ಗುಡ್ಡ ಜಾರತಿತ್ತು, ಬಬನ ಟೀವಿಯ ದನಿ ತಗ್ಗಿಸಿದ, ನಾನು ತಗ್ಗಿಸಿದಾಗ ಕಣ್ಣು ಕೆಂಪಗೆ ಮಾಡಿದ ಮನುಷ್ಯ ಈಗ ಸುಮ್ಮನೆ ಕೂತಿದ್ದಾರೆ. ಮೂರನೇ ದಿನ ಬಬನ, ಒಳಗ ಗಾಳಿ ಇರೂದಿಲ್ಲ, ಅಂದರು ಇವರು. ಇರ್ತದಲೇ, ಟೆಂಟಿನ ಬಾಯಿ ಆ ಕಡೆ ಇದ್ರ ಇರ್ತದ. ಹುಡುಕಾಕ ನಾಯಿ ತಂದಾರಂತ. ನಿನ್ನ ಕಾಲುಚೀಲ ಹಾಕ್ಕೊಂಡಿದ್ರ ನಾಯಿಗೆ ಒಂದು ತಾಸು ಸಾಕಿತ್ತು. ಮತ್ತೆ ನಗು, ಹಿಮದ ಕೆಳಗೆ ಆರು ಜನ ಇದ್ದಾರೆ, ಇವರಿಬ್ಬರು ನಗುತ್ತಾರೆ, ನಾನು ಮೊನ್ನೆ ಪಾಪ ಅವರ ತಾಯಂದಿರು ಅಂದದ್ದಕ್ಕೆ ಎದ್ದು ಹೊಲಕ್ಕೆ ಹೋಗಿದ್ದರು, ಪಾಪ ಅನ್ನಬಾರದು, ನಗಬಹುದು, ಯಾವ ನ್ಯಾಯ ಇದು, ಆ ನ್ಯಾಯದೊಳಕ್ಕೆ ಹೋಗುವ ಬಾಗಿಲು ಎಲ್ಲಿದೆ. ಅವಲಕ್ಕಿ ಪೋಹೆ ತಂದಿಟ್ಟೆ, ಎರಡು ತಟ್ಟೆ, ಎರಡು ಚಮಚ, ಬಬನ ಮಾತು ನಿಲ್ಲಿಸದೆ ಇವರ ತಟ್ಟೆಯ ಚಮಚ ತೆಗೆದು ನನ್ನ ಕೈಗೆ ವಾಪಸು ಕೊಟ್ಟ, ನನ್ನ ಮುಖ ಕೂಡ ನೋಡಲಿಲ್ಲ, ಇವರು ಕೈಯಿಂದ ಒಂದು ತುತ್ತು ತಿಂದರು, ಇನ್ನೊಂದು ತಿಂದರು, ಆಮೇಲೆ ಮೆಲ್ಲಗೆ, ಆ ನಾಗರಕೋಯಿಲ್ ಹುಡುಗನ್ನ ಹಿಮದಾಗಿಂದ ತೆಗದ್ವಲ್ಲ ಬಬನ, ಕೈಯಾಗ ಚಮಚ ಹಂಗ ಹಿಡಕೊಂಡಿದ್ದ. ಹೂಂ. ಬಾಯಿ ತೆಗದಿತ್ತು. ಹೂಂ, ತಿನ್ನು ನೀ. ಒಳಗೆ ಬಂದು ಚಮಚವನ್ನು ಕೈಯಲ್ಲಿ ಹಿಡಿದು ನಿಂತೆ. ಎಷ್ಟು ಸಲ ಕೊಟ್ಟಿದ್ದೇನೆ ಇದನ್ನು, ಶಿರಾಕ್ಕೆ, ಸಾಬೂದಾಣೆಗೆ, ಬೀಗರ ಎದುರು ಕೂಡ, ಪಕ್ಕಕ್ಕಿಡುತ್ತಾರೆ, ಹಳ್ಳಿಯ ಚಾಳಿ ಬಿಡಲಿಲ್ಲ ನೋಡ್ರಿ ಅಂತ ನಾನೇ ಹಂಗಿಸಿ ಬೀಗಿತ್ತಿಯನ್ನು ನಗಿಸಿದ್ದೆ. ಒಂದು ಮಾತು ಹೇಳಿದ್ದರೆ ಈ ಮನೆಯಲ್ಲಿ ಚಮಚವೇ ಇಡುತ್ತಿರಲಿಲ್ಲ ನಾನು. ಚಹಾ ಉಕ್ಕುತ್ತಿದೆ.

ಚಹಾ ಕೊಡುವಾಗ ನೋಡಿದೆ, ಇವರ ಬಲಗೈ ಅವನ ಎರಡು ಕೈಯೊಳಗಿದೆ, ತೋರುಬೆರಳು ನಡುಬೆರಳು ಅರ್ಧಕ್ಕೇ ನಿಂತ ಕೈ, ಆ ಮೊಂಡು ತುದಿಗಳನ್ನು ಅವನು ಹಿಟ್ಟು ಮಿದಿಯುವ ಹಾಗೆ ಉಜ್ಜುತ್ತಿದ್ದಾನೆ, ಚಳಿಗೆ ಸೆಳೀತಾವೇನಲೇ, ಸೆಳೀತಾವ, ನನಗೆ ಯಾವತ್ತೂ ಹೇಳಿದ್ದಿಲ್ಲ, ಆ ಬೆರಳು ಮುಟ್ಟಲು ಹೋದರೆ ಕೈ ಜೇಬಿಗೆ ಹೋಗುತ್ತದೆ, ಹಿಮಕ್ಕ ಹೋದವು ಅಂದಿದ್ದರು ಆಗ, ಅಷ್ಟೇ, ಹಿಮಕ್ಕ ಹೋದವು, ಬಸ್ಸು ಹೋಯಿತು ಅಂದ ಹಾಗೆ. ಲೋಟ ಕುಕ್ಕಿಟ್ಟೆ, ಚೆಲ್ಲಿತು, ಬಬನ ತಲೆ ಎತ್ತಿದ, ನನ್ನ ಸಿಟ್ಟು ಕಂಡಿತೇನೋ, ತಮಾಷೆಗೆ ಇಳಿದ, ವಹಿನಿ, ನೀವು ಅಂಟು ಮಾಡೂದ್ರಾಗ ಭಾಳ ಗಟ್ಟಿ ಬಿಡ್ರಿ, ಆ ಅಂಟು ಸರ್ಕಾರಕ್ಕ ಕೊಟ್ಟಿದ್ರ ಡ್ಯಾಮಿನ ಗ್ವಾಡಿಗೆ ಬಳೀತಿದ್ರು. ಯಾವ ಅಂಟು. ಬಬನ — ಇವರ ದನಿ, ಒಂದೇ ಮಾತು. ಅವನ ಕೈ ನಿಂತಿತು. ಹೇಳಿಲ್ಲೇನಲೇ, ಮೂವತ್ತು ವರ್ಷ ಆತು, ಇನ್ನೂ ಹೇಳಿಲ್ಲೇನು. ಏನು ಹೇಳೂದೈತಿ ಅದ್ರಾಗ, ಇವರು ಟೀವಿಯ ಕಡೆ ತಿರುಗಿದರು. ಹೇಳ್ರಿ ಭಾವೋಜಿ, ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಹೇಳದ ಹೊರತು ಇಲ್ಲಿಂದ ನಾ ಕದಲೂದಿಲ್ಲ. ಹೇಳಿದ, ನನ್ನನ್ನು ನೋಡದೆ, ಲೋಟವನ್ನು ನೋಡುತ್ತಾ, ಹದಿನೆಂಟು ದಿನ ಹೆಲಿಕಾಪ್ಟರ್ ಬಂದಿರಲಿಲ್ಲ ವಹಿನಿ, ಬಂದ ದಿನ ಟಪಾಲು ಒಗೀತು, ನಿಮ್ಮ ಪತ್ರ ಇತ್ತು, ಒಳಗ ಸ್ಟೋವ್ ಐತಿ, ಅಲ್ಲಿ ತೆಗಿ ಅಂದೆ, ತಡ್ಕೊಳ್ಳಲಿಲ್ಲ ಇವ, ಅಲ್ಲೇ ಗಾಳ್ಯಾಗ ನಿಂತ, ಕೈಗವಸು ಹಾಕ್ಕೊಂಡು ತೆಗೀಲಿಕ್ಕೆ ಬರಲಿಲ್ಲ, ಕಲ್ಲಿನಂಗ ಅಂಟಿತ್ತು, ಕೈಗವಸು ತೆಗೆದ, ಚಾಕು ಹಿಡಿದ, ಬರಿಗೈ, ಆ ಚಳ್ಯಾಗ ಕಬ್ಬಿಣ ಬೆರಳು ಹಿಡಕೊಂಡುಬಿಡ್ತು, ನಾ ಮೂಗು ಕಿವಿ ನೋಡ್ತಿದ್ದೆ, ಕೈ ನೋಡಲಿಲ್ಲ, ಆಮ್ಯಾಲ ಎರಡೂ ಕೈ ಬಿಸಿನೀರಾಗ ಇಡಿಸಿದೆ, ತಪ್ಪು ನಂದೂ ಐತಿ.

ಅಂಟು. ಗೋಧಿ ಹಿಟ್ಟಿನದು, ನೀರಲ್ಲಿ ಕದಡಿ ಕುದಿಸಿದ್ದು, ಅತ್ತೆ ಹೊಲಕ್ಕೆ ಹೋದ ಮೇಲೆ. ಅಂಚೆಗೆ ಹಾಕಲು ಮೈದುನನ ಕೈಗೆ ಕೊಡಬೇಕಿತ್ತು, ಅವನು ನೀಲಿ ಇನ್‌ಲ್ಯಾಂಡನ್ನು ಕೊಳವೆಯ ಹಾಗೆ ಉಬ್ಬಿಸಿ ಒಳಗೆ ಇಣುಕಿ ಓದುತ್ತಾನೆ, ಊಟಕ್ಕೆ ಕೂತಾಗ ಎಲ್ಲರೆದುರು ಆಡಿ ತೋರಿಸುತ್ತಾನೆ, ಅದಕ್ಕೇ ಒಂದು ಎಳೆ ಸಂದಿಲ್ಲದ ಹಾಗೆ ಬಳಿದೆ, ಬಿಸಿ ಅಂಟಿನಲ್ಲಿ ತೋರುಬೆರಳು ಅದ್ದಿ ಅಂಚಿನುದ್ದಕ್ಕೂ, ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ. ಏನು ಬರೆದಿದ್ದೆ — ಅದು ನೆನಪಿದೆ, ನೆನಪಿಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು, ಇಪ್ಪತ್ತೆರಡು ವರ್ಷದವಳ ಹೊಟ್ಟೆಕಿಚ್ಚು, ನಿಮ್ಮ ಪತ್ರದ ತುಂಬ ಬಬನ ಹಾಡಿದ ಬಬನ ನಗಿಸಿದ ಅಂತಲೇ ಇರುತ್ತದೆ, ನಾನು ಇದ್ದೇನೋ ಸತ್ತಿದ್ದೇನೋ ಒಂದು ಸಾಲಿಲ್ಲ, ಅವನನ್ನೇ ಕಟ್ಟಿಕೊಳ್ಳಿ, ಬರಲೇಬೇಡಿ. ಅಲ್ಲಿ ಮೇಲೆ, ಆ ಗಾಳಿಯಲ್ಲಿ, ಬೆರಳು ಸುಟ್ಟುಕೊಂಡು ತೆಗೆದ ಕಾಗದದಲ್ಲಿ ಇದ್ದದ್ದು ಇದು. ಆಮೇಲೆ ಯಾರು ಓದಿದರು ಅಂತ ಕೇಳಿದೆ, ಕೇಳಬಾರದಿತ್ತು, ಗೊತ್ತಿತ್ತು, ಎರಡೂ ಕೈ ಬಿಸಿನೀರಿನಲ್ಲಿ ಮುಳುಗಿಸಿಕೊಂಡು ಕೂತವರು ಹೇಗೆ ಓದಿಯಾರು. ನಾ ಓದಿ ಹೇಳಿದೆ ವಹಿನಿ, ಅಂದ ಬಬನ. ಎಲ್ಲಾ? ಎಲ್ಲಾ. ಇವ ಎರಡು ಸಲ ಓದಿಸಿದ. ಹಂಗಾರ ಗೊತ್ತಿದ್ದೂ ಈ ಮನೆಗೆ ಬರ್ತಿದ್ರಿ, ನಾ ಕೊಟ್ಟ ಚಹಾ ಕುಡೀತಿದ್ರಿ, ಅಂದೆ. ಅವನು ತಟ್ಟೆಯಲ್ಲಿ ಉಳಿದ ಪೋಹೆಯನ್ನು ಒಂದು ಕಡೆಗೆ ಒತ್ತಿದ, ಶೇಂಗಾ ಕಡಿಮೆ ಬಿದ್ದ ತಟ್ಟೆ. ಇವರು ಟೀವಿಯಿಂದ ಕಣ್ಣು ತೆಗೆಯದೆ, ಹೋಗಲಿ ಬಿಡು ಹೌಸಾ, ಪತ್ರ ಚಲೋ ಇತ್ತು, ಅಂದರು. ಚಲೋ ಇತ್ತಂತೆ. ಒಳಗೆ ಬಂದೆನೋ, ಅಲ್ಲೇ ನಿಂತಿದ್ದೇನೋ, ಒಲೆ ಆರಿಸಿದೆನೋ ಇಲ್ಲವೋ, ಹೊರಗೆ ಇಬ್ಬರೂ ಮತ್ತೆ ಮೆಲ್ಲಗೆ ಮಾತಾಡುತ್ತಿದ್ದಾರೆ, ಆ ಆರು ಜನರಲ್ಲಿ ಒಬ್ಬ ಸಿಕ್ಕಿದನಂತೆ, ಉಸಿರು ಐತಂತ, ಐತೇನಲೇ, ನನಗೆ ಕೇಳಿಸುತ್ತಿಲ್ಲ, ನನಗೆ ಕಾಣುತ್ತಿರುವುದು ನೀಲಿ ಕಾಗದದ ಅಂಚು ಒಂದೇ, ಬಿಸಿ ಅಂಟಿನಲ್ಲಿ ಅದ್ದಿದ ನನ್ನ ತೋರುಬೆರಳು, ಇಡೀ ಬೆರಳು, ಉಗುರಿನ ತನಕ ಇರುವ ಬೆರಳು, ಆ ಅಂಚಿನುದ್ದಕ್ಕೂ ಹೋಗುತ್ತಿದೆ, ಸಂದಿ ಎಲ್ಲಾದರೂ ಉಳಿದಿದೆಯೇ ಅಂತ ನೋಡುತ್ತಿದೆ, ಉಳಿದಿಲ್ಲ, ಆದರೂ ಮತ್ತೊಂದು ಸಲ ಅದ್ದುತ್ತಿದೆ.