ಲೀಲಾ ಸ್ಟೇಷನ್

ಲೀಲಮ್ಮನವರಿಗೆ ನೆಲ ಅಲುಗುತ್ತಿತ್ತು. ಮನೆಯಲ್ಲಿ ಬೇರೆ ಯಾರಿಗೂ ಅಲುಗುತ್ತಿರಲಿಲ್ಲ. ಅದೇ ತಕರಾರು.

ದೆಹಲಿಯಲ್ಲಿ ಭೂಮಿ ಆಗೊಮ್ಮೆ ಈಗೊಮ್ಮೆ ನಡುಗುವುದು ಹೊಸದೇನಲ್ಲ. ಜನ ಮೊದಲು ಫ್ಯಾನ್ ನೋಡುತ್ತಾರೆ, ಆಮೇಲೆ ಫೋನ್ ನೋಡುತ್ತಾರೆ, ಕೊನೆಗೆ ಚಪ್ಪಲಿ ಹುಡುಕುತ್ತಾರೆ. ಆದರೆ ಮಯೂರ್ ವಿಹಾರದ ಆ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಲೀಲಮ್ಮ ದಿನಕ್ಕೆ ಎರಡು ಮೂರು ಸಲ "ಅಲುಗಿತು" ಅನ್ನುತ್ತಿದ್ದರು. ಫ್ಯಾನು ಮಾತ್ರ ಮಿಸುಕುತ್ತಿರಲಿಲ್ಲ.

"ಅಮ್ಮಾ, ಅದು ತಲೆಸುತ್ತು," ಅಂದರು ಮಗ ಚಂದ್ರಮೋಹನ. ಮಿನಿಸ್ಟ್ರಿಯಲ್ಲಿ ಸೆಕ್ಷನ್ ಆಫೀಸರ್. ಮನೆಯಲ್ಲೂ ಸಹಿ ಹಾಕಿ ಮೊಹರು ಒತ್ತಿದ ಹಾಗೇ ಮಾತಾಡುತ್ತಿದ್ದರು. "ಡಾಕ್ಟರು ಸರಿ ಅನ್ನೋವರೆಗೂ ಒಬ್ಬಳೇ ಮೆಟ್ರೋ ಹತ್ತೋದು ಬಂದ್."

"ಸುತ್ತೋದು ಬೇರೆ, ಅಲುಗೋದು ಬೇರೆ ಕಣೋ. ಅಷ್ಟೂ ಗೊತ್ತಾಗಲ್ವಾ ನಂಗೆ?"

ಬಂದ್ ಆದದ್ದು ಸಣ್ಣ ವಿಷಯವಲ್ಲ. ಪ್ರತಿ ಶನಿವಾರ ಲೀಲಮ್ಮ ನೀಲಿ ಲೈನ್ ಹಿಡಿದು ಓಲ್ಡ್ ರಾಜಿಂದರ್ ನಗರಕ್ಕೆ ಹೋಗುತ್ತಿದ್ದರು. ಅಲ್ಲಿ ಅವರ ಗೆಳತಿ ವೈಜಯಂತಿಯ ಮೆಸ್ ಇತ್ತು. ಐಎಎಸ್ ಕೋಚಿಂಗಿಗೆ ಬಂದ ಕರ್ನಾಟಕದ ಹುಡುಗ ಹುಡುಗಿಯರು ಇವರ ಬಿಸಿಬೇಳೆಬಾತಿಗಾಗಿ ತಟ್ಟೆ ಹಿಡಿದು ಕಾಯುತ್ತಿದ್ದರು. ವಾರದ ಉಳಿದ ದಿನಗಳಲ್ಲಿ ಅವರು ಚಂದ್ರಮೋಹನನ ಅಮ್ಮ. ಶನಿವಾರ ಮಾತ್ರ ಲೀಲಮ್ಮ.

ಮೊಮ್ಮಗಳು ಸಿಂಧೂರಳಿಗೆ ಸಂಕಟಕ್ಕಿಂತ ಕುತೂಹಲವೇ ಹೆಚ್ಚು. ಅಲುಗಿತೋ ಇಲ್ಲವೋ ಅಂತ ವಾದ ಯಾಕೆ, ನೋಡಿದರಾಯಿತಲ್ಲ? ಭೂವಿಜ್ಞಾನ ಓದುವ ಅವಳಿಗೆ ಕಾಲೇಜಿನಲ್ಲಿ ತಿಂಡಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಕೊಟ್ಟಿದ್ದರು. ಅದು ನೆಲದ ನಡುಕವನ್ನು ಅಳೆದು, ವೈಫೈ ಮೂಲಕ ಕಾಲೇಜಿನ ಸರ್ವರ್‌ಗೆ ಕಳಿಸುತ್ತಿತ್ತು. ಪ್ಲಗ್ ಪಾಯಿಂಟ್ ಇದ್ದದ್ದು ಅಜ್ಜಿ ಮಲಗುವ ದಿವಾನ ಮಂಚದ ಪಕ್ಕ, ಹಾಗಾಗಿ ಪೆಟ್ಟಿಗೆಯೂ ಅಲ್ಲೇ ಕೂತಿತ್ತು. ಎಲ್ಲಿಂದಲಾದರೂ ಸರಿ, ಫೋನಿನ ಕಪ್ಪು ಪರದೆಯಲ್ಲಿ ಒಂದು ಸಾಲಿನ ಕಮಾಂಡ್ ಬರೆದರೆ ನಡುಕ ಆಗಿಂದಾಗಲೇ ಅಂಕಿಗಳಾಗಿ ಸುರಿಯುತ್ತಿತ್ತು. ಬಟನ್ ಇಲ್ಲ, ಚಿತ್ರ ಇಲ್ಲ. ಪ್ರತಿ ಪೆಟ್ಟಿಗೆಯೂ ಒಂದು 'ಸ್ಟೇಷನ್'. ಇಂಗ್ಲಿಷಿನಲ್ಲಿ ಐದಕ್ಷರದೊಳಗೆ ಅದಕ್ಕೊಂದು ಹೆಸರು ಬೇಕು. ಸಿಂಧೂರ 'ಲೀಲಾ' ಅಂತ ಇಟ್ಟಿದ್ದಳು.

"ಅಜ್ಜಿ, ಅಲುಗಿದ ತಕ್ಷಣ ನಂಗೆ ವಾಯ್ಸ್ ಮೆಸೇಜ್ ಹಾಕು. ನಾನು ಚೆಕ್ ಮಾಡ್ತೀನಿ."

"ಎಫ್‌ಐಆರ್ ಬರಿಸ್ಕೋತಾಳೆ ನೋಡು," ಅಂದರು ಲೀಲಮ್ಮ. ಆದರೂ ಗುರುವಾರ ಮೂರು ಮೆಸೇಜ್ ಬಂದವು: ಬೆಳಿಗ್ಗೆ ಪೂಜೆ ಮುಗಿಸಿ ಎದ್ದಾಗ, ಹನ್ನೊಂದು ಗಂಟೆಗೆ, ಮತ್ತೆ ಸಂಜೆ ನಾಲ್ಕಕ್ಕೆ.

ಕಾಲೇಜಿನಿಂದ ಬಂದ ಸಿಂಧೂರ ಸೋಫಾದಲ್ಲಿ ಕಾಲು ಮಡಚಿ ಕೂತು, ಹಳೆಯ ಹೊತ್ತಿನ ದಾಖಲೆ ತರಿಸಿಕೊಂಡಳು. ಬೆಳಗ್ಗಿನದು ನಿಶ್ಶಬ್ದ. ಹನ್ನೊಂದು ಗಂಟೆಯದೂ ನಿಶ್ಶಬ್ದ.

"ಏನೂ ಇಲ್ಲ ಪಪ್ಪಾ."

"ನೋಡಿದ್ಯಾ?" ಚಂದ್ರಮೋಹನ ಡಾಕ್ಟರ ನಂಬರ್ ಒತ್ತಿದರು. ಲೀಲಮ್ಮ ಬಾಲ್ಕನಿಗೆ ಹೋಗಿ ತಮ್ಮ ಫೋನ್ ಎತ್ತಿಕೊಂಡರು. "ವೈಜಯಂತೀ, ಈ ಶನಿವಾರ ಬರಲ್ಲ ಕಣೆ. ಪುಡಿ ನೀಲಿ ಮುಚ್ಚಳದ ಡಬ್ಬದಲ್ಲಿದೆ. ಹುಣಸೆಹಣ್ಣು ಕಮ್ಮಿ ಹಾಕು."

ಆ ದನಿ ಕೇಳಿ ಸಿಂಧೂರ ಮತ್ತೆ ಫೋನ್ ಕೈಗೆತ್ತಿಕೊಂಡಳು. ಉಳಿದ ಒಂದನ್ನೂ ನೋಡಿಬಿಡೋಣವೆಂದು ನಾಲ್ಕು ಗಂಟೆಯದನ್ನು ಕೇಳಿದಳು. ಕಪ್ಪು ಪರದೆ ಸುಮ್ಮನಿತ್ತು. ಇಲ್ಲ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ. ಬಸ್ಸಿಗೆ ಕಾಯುವವರ ಹಾಗೆ ಕಾಯುತ್ತಾ ನಿಂತುಬಿಟ್ಟಿತು.

ಇದೇನಿದು? ನೆಟ್ ಹೋಯಿತೇ? ಈಗಿನದನ್ನೇ ಕೇಳಿ ನೋಡಿದಳು. ಲೀಲಾ, ಲೀಲಾ, ಲೀಲಾ ಅಂತ ಸಾಲುಗಳು ಓಡಿ ಬಂದವು. ಪ್ರತಿ ಸಾಲಿನಲ್ಲೂ ಗಂಟೆ ಇತ್ತು. ಮಧ್ಯಾಹ್ನ ಒಂದು.

ಕೆಳಗೆ ತರಕಾರಿ ಭಯ್ಯಾ ಸಂಜೆಯ ಗಾಡಿ ತಂದು ಕೂಗುತ್ತಿದ್ದ. ಗೋಡೆಯ ಗಡಿಯಾರದಲ್ಲಿ ಆರೂವರೆ.

"ಅಯ್ಯೋ ಪೆದ್ದೀ!" ಅಂತ ತನ್ನ ಹಣೆ ತಾನೇ ಚಚ್ಚಿಕೊಂಡಳು. ಕಾಲೇಜಿನ ಸರ್ವರ್ ಮಾತಾಡುವುದು ಲೋಕಕ್ಕೆಲ್ಲ ಒಂದೇ ಆದ ಗಡಿಯಾರದಲ್ಲಿ. ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಇವಳು ಕೇಳಿದ 'ನಾಲ್ಕು ಗಂಟೆ' ಅದಕ್ಕಿನ್ನೂ ಆಗಿಯೇ ಇರಲಿಲ್ಲ. ಪಾಪ, ಆಗಲೆಂದು ಕಾಯುತ್ತಿತ್ತು!

ಪ್ರತಿ ಮೆಸೇಜಿನ ಹೊತ್ತಿನಿಂದಲೂ ಐದೂವರೆ ಗಂಟೆ ಕಳೆದು ಮತ್ತೆ ಕೇಳಿದಳು. ಹನ್ನೊಂದಕ್ಕೆ ಅಂಕಿಗಳು ಹತ್ತುಗಳಿಂದ ಸಾವಿರಗಳಿಗೆ ನೆಗೆದಿದ್ದವು. ನಾಲ್ಕಕ್ಕೂ ಅಷ್ಟೇ. ಅದೂ ಒಂದೇ ಲಯದಲ್ಲಿ, ಏರಿ ಇಳಿದು ಏರಿ ಇಳಿದು, ಯಾರೋ ಓಡುತ್ತಿರುವ ಹಾಗೆ. ಆದರೆ ಓಡಿ ಎಲ್ಲಿಗೂ ಹೋಗದೆ.

ಮರುದಿನ ಕ್ಲಾಸಿಗೆ ಚಕ್ಕರ್ ಹೊಡೆದು, ಹನ್ನೊಂದರ ಹೊತ್ತಿಗೆ ಒಂದು ತಟ್ಟೆ ಕೋಡುಬಳೆ ಹಿಡಿದು ಕೆಳಗಿನ ಮನೆಯ ಬೆಲ್ ಒತ್ತಿದಳು. ಭಾಟಿಯಾ ಆಂಟಿ ಬೆವರು ಒರೆಸಿಕೊಳ್ಳುತ್ತಾ ಬಾಗಿಲು ತೆಗೆದರು. ಒಳಗೆ, ಅಜ್ಜಿಯ ದಿವಾನದ ನೇರ ಕೆಳಗೆ, ಎರಡೂ ಮನೆಗಳನ್ನು ಹಾದು ಹೋಗುವ ಕಂಬದ ಬುಡದಲ್ಲಿ ಹೊಸ ಟ್ರೆಡ್‌ಮಿಲ್.

"ಕಿಸೀ ಕೋ ಮತ್ ಬತಾನಾ, ಬೇಟಾ," ಅಂದರು ಆಂಟಿ, ಯಾರಿಗೂ ಹೇಳಬೇಡ ಅಂತ ತುಟಿಗೆ ಬೆರಳಿಟ್ಟು. ಮಗಳ ಮದುವೆಗೆ ಹೊಲಿಸಿದ ಲೆಹೆಂಗಾ ಅವರ ಸೊಂಟ ದಾಟುತ್ತಿರಲಿಲ್ಲವಂತೆ.

"ಆಂಟಿ, ಪ್ಲೀಸ್, ಥೋಡಾ ದೌಡಿಯೇ ನಾ!"

ಕೋಡುಬಳೆ ಕಚ್ಚಿಕೊಂಡೇ ಆಂಟಿ ಓಡತೊಡಗಿದರು. ಸಿಂಧೂರ ಫೋನ್ ಹಿಡಿದು ಉಸಿರು ಬಿಗಿಹಿಡಿದಳು. ಇಪ್ಪತ್ತು, ಮೂವತ್ತು, ಇಪ್ಪತ್ತು... ಒಮ್ಮೆಲೇ ಸಾವಿರ! ಅದೇ ಕ್ಷಣಕ್ಕೆ ಟಿಣ್ ಅಂತ ಮೆಸೇಜ್.

"ಸಿಂಧೂ, ಅಲುಗ್ತಿದೆ ಕಣೆ! ಎಲ್ಲಿ ಸತ್ತೆ?"

ಸಿಂಧೂರ ಆಂಟಿಯನ್ನು ತಬ್ಬಿಕೊಳ್ಳಲು ಹೋಗಿ ಟ್ರೆಡ್‌ಮಿಲ್‌ನಿಂದ ಬೀಳಿಸುವುದರಲ್ಲಿದ್ದಳು.

ಮೆಟ್ಟಿಲು ಹತ್ತುವಾಗ ಮಾತ್ರ ಕಾಲು ನಿಧಾನವಾಯಿತು. ಬೆಳಗ್ಗಿನ ಮೆಸೇಜು ಉಳಿದಿತ್ತಲ್ಲ. ಗಂಟೆ ಸರಿಮಾಡಿ ನೋಡಿದಾಗಲೂ ಅಲ್ಲಿ ಒಂದಂಕಿಯೂ ನೆಗೆದಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ನಾಳೆ ಅಜ್ಜಿ ಒಬ್ಬರೇ ಮೆಟ್ರೋ ಹತ್ತಬಹುದು. ಹತ್ತಿ, ಎದ್ದು ನಿಂತಾಗ...

ಲೀಲಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಭಾಟಿಯಾ ಕಥೆ ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ತಾವೇ ಕೇಳಿದರು, "ಮತ್ತೆ ಪೂಜೆ ಹೊತ್ತಿಂದು?"

"ಅದಕ್ಕೆ ಏನೂ ಇಲ್ಲ ಅಜ್ಜಿ. ನೆಲ ಸುಮ್ನಿತ್ತು."

ಲೀಲಮ್ಮ ಸೆರಗು ಸರಿಮಾಡಿಕೊಂಡರು. "ಹಂಗಾದ್ರೆ ಅದು ನಾನೇ. ಚಲೋ, ನಿಮ್ಮಪ್ಪನಿಗೆ ಫೋನ್ ಮಾಡು. ಡಾಕ್ಟರ ಹತ್ರ ಇವತ್ತೇ ಹೋಗಿಬರೋಣ."

ಡಾಕ್ಟರು ಬಿಪಿ ಮಾತ್ರೆಯ ಪ್ರಮಾಣ ಇಳಿಸಿದರು. ನೆಲದಿಂದ ಏಳುವಾಗ ಅವಸರ ಬೇಡ ಅಂದರು. ಚಂದ್ರಮೋಹನ ಆದೇಶವನ್ನು ತಿದ್ದಿದರು: ಎರಡು ಶನಿವಾರ ಸಿಂಧೂರ ಜೊತೆಗಿರತಕ್ಕದ್ದು, ಆಮೇಲೆ ಒಬ್ಬರೇ.

ಶನಿವಾರ ಬೆಳಿಗ್ಗೆ ರೈಲು ಯಮುನೆ ದಾಟುವಾಗ ಸಿಂಧೂರ ಫೋನ್ ತೆರೆದಳು. ದಿವಾನ ಖಾಲಿ, ಆಂಟಿ ಇನ್ನೂ ಎದ್ದಿಲ್ಲ. ಸಣ್ಣ ಅಂಕಿಗಳು ಸಾಲಾಗಿ ಬರುತ್ತಿದ್ದವು. ಮುಂದಿನ ಸ್ಟೇಷನ್ನಿನಲ್ಲಿ ಬಾಗಿಲು ಎಡಕ್ಕೆ ತೆರೆಯುತ್ತದೆ ಅಂತ ಮೆಟ್ರೋದ ದನಿ ಸಾರುತ್ತಿತ್ತು.

"ಏನಂತೆ?" ಲೀಲಮ್ಮ ಬಗ್ಗಿ ನೋಡಿದರು.

"ಲೀಲಾ ಸ್ಟೇಷನ್ ಶಾಂತವಾಗಿದೆ ಅಜ್ಜಿ."

"ಇರಲಿ. ಅಲ್ಲಿ ಬಾಗಿಲು ಯಾವ ಕಡೆ ತೆಗಿಯುತ್ತೆ, ಎಡಕ್ಕೋ ಬಲಕ್ಕೋ?"

ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ಇಬ್ಬರೂ ನಕ್ಕರು.