ಪಳನಿಯಮ್ಮಾಳ್ ಮುಯ್ಯಿ

ಐಪ್ಪಸಿ ತಿಂಗಳ ಮಳೆ ಹೊಳವಾಗಿತ್ತು. ನೇಕಾರರ ಬೀದಿಯಲ್ಲಿ ಬೆಳಗಿನ ಹಾಸು ಚಾಚುವ ಕೆಲಸ ಮುಗಿದು, ಗಂಜಿಯ ಹುಳಿವಾಸನೆ ಮಾತ್ರ ಉಳಿದಿತ್ತು. ಬೀದಿಯುದ್ದಕ್ಕೂ ಹಾಸಿನ ನೂಲು ಎಳೆದು ಗಂಜಿ ಹಚ್ಚುವುದು ಒಂದು ಮನೆಯಿಂದ ಆಗುವ ಕೆಲಸವಲ್ಲ. ಇವತ್ತು ನೀನು ನನ್ನ ಹಾಸು ಹಿಡಿದರೆ ನಾಳೆ ನಾನು ನಿನ್ನದನ್ನು ಹಿಡಿಯಬೇಕು, ಅದೇ ಮುಯ್ಯಿ. ಅವಿನಾಶಿಯ ಆಚೆಗಿನ ಈ ಊರಿಗೆ ಕನ್ನಡದ ಮನೆಗಳು ಬಂದು ನೆಲೆಸಿದಂದಿನಿಂದ ಹಾಗೇ ನಡೆದಿದೆ.

ಪೊನ್ನಮ್ಮ ಮಗ್ಗದ ಮುಂದೆ ಕುಳಿತು ಹೊಸ ಹಾಸನ್ನು ಹಳೆಯದಕ್ಕೆ ಸೇರಿಸುತ್ತಿದ್ದಳು. ಸೀರೆ ಮುಗಿದು ಕತ್ತರಿಸಿದ ಮೇಲೂ ಮಗ್ಗದ ಬಾಚಣಿಗೆಯಂಥ ಹಣಿಗೆಯೊಳಗೆ ಉಳಿದ ಗೇಣುದ್ದ ನೂಲನ್ನು ಯಾರೂ ಕೀಳುವುದಿಲ್ಲ. ಅದರ ಒಂದೊಂದು ತುದಿಗೂ ಹೊಸ ಎಳೆಯೊಂದನ್ನಿಟ್ಟು, ಬೂದಿ ಮುಟ್ಟಿದ ಬೆರಳಿನಿಂದ ಹೊಸೆಯಬೇಕು. ಎದುರಿಗೆ ಕುಳಿತು ಎಳೆ ಆರಿಸಿಕೊಡುತ್ತಿದ್ದವಳು ಮೊಮ್ಮಗಳು ಕೃತ್ತಿಕಾ. ಕೊಯಮತ್ತೂರಿನಲ್ಲಿ ಕಾನೂನು ಓದುವ ಹುಡುಗಿ. ಬೀದಿಯ ಹೊಸ ಕಟ್ಟಳೆಗಳನ್ನು ಬರೆದವಳು ಅವಳೇ. ಮರುದಿನ ಗುಡಿಯ ಕೂಟದಲ್ಲಿ ಅವು ಒಪ್ಪಿಗೆಯಾಗಬೇಕಿತ್ತು.

ಪೊನ್ನಮ್ಮನ ಅಣ್ಣ, ಕೂಟದ ಹಿರಿಯ ಸೋಮಸುಂದರಂ ಜಗಲಿಯಿಂದಲೇ ಕೇಳಿದ: “ಏನ್ ವಕೀಲಮ್ಮಾ, ನಾಡಿನ ದೊಡ್ಡ ಸಟ್ಟಂ, ಆ ಸಂವಿಧಾನ, ಬರೆದೋರು ಎಲ್ಲಾ ತಮ್ಮ ತಲೆಯಿಂದಾನೇ ತೆಗೆದ್ರಾ?”

“ಇಲ್ಲ ತಾತ. ಹಕ್ಕಿನ ಮಾತಿಗೆ ಅಮೆರಿಕ ನೋಡಿದ್ರು. ಸರ್ಕಾರ ಯಾವ ದಾರೀಲಿ ನಡೀಬೇಕು ಅನ್ನೋದಕ್ಕೆ ಐರ್ಲೆಂಡು. ಜಾಸ್ತಿ ತಗೊಂಡಿದ್ದು ಬಿಳಿಯರು ಸಾವಿರದ ಒಂಬೈನೂರ ಮೂವತ್ತೈದರಲ್ಲಿ ಮಾಡಿದ್ದ ಸಟ್ಟದಿಂದ.”

“ಓಡಿಸಿದೋರ ಹಳೇ ನೂಲಿಗೇ ಗಂಟು ಹಾಕಿದ್ರಾ! ಆಮಾ, ನಿಜ, ಬುದ್ಧಿವಂತ್ರು. ಎಲ್ಲಾ ಕಿತ್ತುಹಾಕಿದ್ರೆ ಹಣಿಗೆ ತುಂಬೋರು ಯಾರು? ಅದಕ್ಕೇ ನಿಂಗೂ ಹೇಳ್ದೆ, ಹಳೇ ಕಟ್ಟಳೆ ಒಂದನ್ನೂ ಬಿಡ್ಬೇಡ ಅಂತ.”

ಕೃತ್ತಿಕಾ ಬಿಟ್ಟಿರಲಿಲ್ಲ. ಹೆಂಗಸರೂ ಕೂಟದಲ್ಲಿ ಕೂರಬಹುದು ಎಂಬ ತನ್ನ ಸಾಲಿನ ಮೇಲೆಯೇ, ಹಿರಿಯರು ಬಾಯಿಪಾಠ ಹೇಳಿದ ಸಾಲೂ ಇತ್ತು: ಬೀದಿ ಹೊರಗಿಟ್ಟವರ ಹಾಸನ್ನು ಯಾರೂ ಹಿಡಿಯಬಾರದು. ಅದು ತನ್ನ ಅಕ್ಕ ಗೋಕಿಲಾಳಿಗೇ ತಗಲುತ್ತದೆಂದು ಅವಳಿಗೆ ಗೊತ್ತಿತ್ತು. ಬೇರೆ ಜಾತಿಯವನನ್ನು ಮದುವೆಯಾಗಿ, ಬೀದಿಯಿಂದ ಹೊರಗಿಡಿಸಿಕೊಂಡು ಕುರಿಚಿಗೆ ಹೋಗಿದ್ದ ಗೋಕಿಲಾ, ಗಂಡ ತೀರಿಕೊಂಡ ಮೇಲೆ ಅಪ್ಪನ ಮಗ್ಗದಲ್ಲಿ ನೇಯ್ದು ಬದುಕುತ್ತೇನೆ ಎಂದಿದ್ದಳು. ಮೊದಲು ಒಪ್ಪಿಗೆಯಾಗಲಿ, ಆಮೇಲೆ ತಿದ್ದೋಣ ಎಂದು ಕೃತ್ತಿಕಾ ಸುಮ್ಮನಾಗಿದ್ದಳು.

“ಅವ್ವಾ, ಹಳೇ ಕಡೆ ಒಂದು ಎಳೆ ಹೆಚ್ಚಿಗೆ ಅದೆ,” ಎಂದಳು ಕೃತ್ತಿಕಾ ಅಜ್ಜಿಗೆ.

“ಇರ್ಲಿ. ಮುಟ್ಬೇಡ.”

“ನೀನೇ ಎಲ್ಲೋ ತಪ್ಪಿರ್ಬೇಕು.”

“ಹೂಂ, ನೀನು ಹುಟ್ಟಿದ್ಮೇಲೇ ನಾನು ನೇಯೋದು ಕಲ್ತಿದ್ದು! ಅದು ಪಳನಿಯಮ್ಮಾಳ್ದು ಕಣೇ. ಪ್ರತಿ ಸಲ ಬರುತ್ತೆ, ಎಲ್ಲಾ ಮನೇಲೂ. ಹೊಸೆಯದೆ ಬಿಟ್ರೆ ನೇಯುವಾಗ ತಾನೇ ಮಾಯ ಆಗುತ್ತೆ.”

ಪೊನ್ನಮ್ಮ ಬೆರಳು ನಿಲ್ಲಿಸದೆ ಹೇಳಿದಳು. ಅವಳ ಅಜ್ಜಿಯ ಕಾಲದವಳು ಪಳನಿಯಮ್ಮಾಳ್. ಬೀದಿಯಲ್ಲಿ ಅವಳು ಹಿಡಿಯದ ಹಾಸಿರಲಿಲ್ಲ. ಬಾವಿಯಿಂದ, ಊರು ಮುಟ್ಟಿಸಿಕೊಳ್ಳದ ಚೇರಿಯವರಿಗೆ ನೀರು ಸೇದಿ ಕೊಟ್ಟಳೆಂದು ಬೀದಿ ಅವಳನ್ನು ಹೊರಗಿಟ್ಟಿತು. ಆಮೇಲೂ ಅವಳು ತನ್ನ ಹಾಸಿನ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಹಿಡಿದು ಮನೆಮನೆಯವರನ್ನು ಕೂಗಿದಳು. ಯಾರೂ ಕದ ತೆಗೆಯಲಿಲ್ಲ. ಮಳೆ ಬಂತು. ಬೆಳಗಾದಾಗ ಹಾಸು ಬಿಗಿಯಾಗಿಯೇ ನಿಂತಿತ್ತು. ಅವಳು ಅದರಡಿ ಸತ್ತುಬಿದ್ದಿದ್ದಳು.

“ಎಲ್ರ ಮನೆ ಮೇಲೂ ಅವಳ ಮುಯ್ಯಿ ಬಾಕಿ ಅದೆ,” ಎಂದಳು ಪೊನ್ನಮ್ಮ.

ಹೊರಗೆ ಒಂದೊಂದಾಗಿ ಕದಗಳು ಮುಚ್ಚಿದವು. ಬಸ್ಸಿಳಿದ ಗೋಕಿಲಾ ಹಾಸಿನ ಉಂಡೆ ಹಿಡಿದು ಬೀದಿಯ ತಲೆಯಲ್ಲಿ ನಿಂತಿದ್ದಳು. “ಯಾರಾದ್ರೂ ಬನ್ರೀ,” ಎಂದು ಅವಳು ಕರೆದದ್ದು ಒಳಗೂ ಕೇಳಿಸಿತು.

ಆಗ ಹಣಿಗೆಯ ಆ ಹೆಚ್ಚಿನ ಎಳೆ ಮೆಲ್ಲಗೆ ಎದ್ದಿತು. ಗೇಣುದ್ದದ ನೂಲು, ತುದಿಗೆ ಏನೂ ಇಲ್ಲ. ಆದರೂ ಬಾಗಿಲಿನ ಕಡೆಗೆ ಬಿಗಿದು ನಡುಗುತ್ತಿತ್ತು.

ಕೃತ್ತಿಕಾ ಎದ್ದು ಬೀದಿಗೆ ಓಡಿದಳು. ಗೋಕಿಲಾ ಈಚೆ ತುದಿ ಹಿಡಿದು ಕದಲದೆ ನಿಂತಿದ್ದಳು. ಅವಳ ಹಾಸು ಬೀದಿಯುದ್ದಕ್ಕೂ ಚಾಚಿಕೊಂಡಿತ್ತು, ಸ್ವಲ್ಪವೂ ಜೋಲದೆ. ಬಿಸಿಲಿತ್ತು, ನೂಲಿನಿಂದ ಮಾತ್ರ ನೀರು ತೊಟ್ಟಿಕ್ಕುತ್ತಿತ್ತು. ಆಚೆ ತುದಿಯಲ್ಲಿ ಯಾರೂ ಇರಲಿಲ್ಲ.

“ಒಳಗ್ ಬಾ!” ಜಗಲಿಯಲ್ಲಿ ಸೋಮಸುಂದರಂ ದನಿ ಒಡೆದಿತ್ತು. “ಕಟ್ಟಳೆ ಅದೆ, ಬರೆದೋಳು ನೀನೇ!”

“ದೊಡ್ಡ ಸಟ್ಟಂ ಬರೆದೋರೂ ಎಲ್ಲಾ ಎಳೆಗೂ ಗಂಟು ಹಾಕ್ಲಿಲ್ಲ ತಾತ. ಮುಟ್ಟಬಾರದು ಅನ್ನೋ ಹಳೇ ಎಳೇನ ಕತ್ತರಿಸಿದ್ರು. ನಾನೂ ಆ ಸಾಲು ಹೊಡೆದುಹಾಕ್ತೀನಿ.”

“ನಾಳೆ ಒಬ್ರೂ ಒಪ್ಪಲ್ಲ.”

“ಒಪ್ದಿದ್ರೆ ನನ್ನೂ ಹೊರಗಿಡಿ.”

ಅವಳು ಆಚೆ ತುದಿಗೆ ನಡೆದು ಹಾಸಿನ ನೂಲಿಗೆ ಕೈಯಿಟ್ಟಳು. ಬಾವಿಯ ನೀರಿನಷ್ಟು ತಣ್ಣಗಿತ್ತು. ಒಂದು ಗಳಿಗೆ ತನ್ನ ಬೆರಳುಗಳ ಪಕ್ಕದಲ್ಲಿ ಬೇರೆ ಬೆರಳುಗಳಿದ್ದಂತೆ ಅನಿಸಿತು. ಆಮೇಲೆ ಅವು ಬಿಟ್ಟವು, ಇಡೀ ಭಾರ ಅವಳ ತೋಳಿಗೆ ಬಂತು. ಪೊನ್ನಮ್ಮ ಗಂಜಿಯ ಕುಂಚ ಹಿಡಿದು ಬಂದು ನಡುವೆ ನಿಂತಳು. ಸೋಮಸುಂದರಂ ಇಳಿದು ಬರಲಿಲ್ಲ.

ನೂಲು ಒಣಗಿದ ಮೇಲೆ ಮೂವರೂ ಒಳಗೆ ಬಂದರು. ಹಣಿಗೆಯಲ್ಲಿ ಹೆಚ್ಚಿನ ಎಳೆ ಬಿಡಿಯಾಗಿರಲಿಲ್ಲ. ಹೊಸ ಹಾಸಿನ ಎಳೆಯೊಂದಕ್ಕೆ ಅದನ್ನು ಯಾರೋ ಸೇರಿಸಿದ್ದರು. ಬೂದಿ ಇನ್ನೂ ಒದ್ದೆಯಾಗಿತ್ತು.

“ನೀನಾ ಅವ್ವಾ ಹೊಸೆದಿದ್ದು?”

ಪೊನ್ನಮ್ಮ ಆ ಎಳೆಯನ್ನು ಬೆರಳಿಂದ ಸವರಿ ನೋಡಿದಳು. “ನಾನು ಬಲಕ್ಕೆ ಹೊಸೀತೀನಿ,” ಎಂದಳು. “ಇದು ಎಡಕ್ಕೆ ಅದೆ. ಬಿಡು, ನಮ್ಮ ಮನೇ ಮುಯ್ಯಿ ತೀರ್ತು.”

ಪಕ್ಕದ ಮನೆಯಲ್ಲಿ ಲಾಳಿಯ ಸದ್ದು ಫಕ್ಕನೆ ನಿಂತಿತು. ಅದರ ಆಚೆಯ ಮನೆಯಲ್ಲೂ. ಅವರ ಮುಯ್ಯಿ ಇನ್ನೂ ತೀರಿರಲಿಲ್ಲ.