ಎರಡನೇ ಬ್ರೇಕು

ಬಚ್ಚಲಲ್ಲಿ ಜಾರಿ ಬಿದ್ದಾಗ ಅಜ್ಜಿಗೆ ಮೊದಲು ನೆನಪಾದದ್ದು ನೋವಲ್ಲ, ಕಾರು. ಉಳುಕಿದ್ದು ಬಲಗಾಲು. ಬ್ರೇಕು ತುಳಿಯುವ ಕಾಲು.

ಅಜ್ಜಿಗೆ ಕಾರು ಓಡಿಸಲು ಬರುವುದಿಲ್ಲ. ಓಡಿಸುವವರು ಅವರ ಗಂಡ, ಊರೆಲ್ಲ ಮೇಷ್ಟ್ರು ಎಂದು ಕರೆಯುವವರು. ಪಾಠದ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಊರಿನ ಅರ್ಧ ಜನ ಅವರ ಬೈಗುಳ ತಿಂದೇ ಸ್ಟೀರಿಂಗ್ ಹಿಡಿದವರು. ಸ್ಕೂಲು ಮುಚ್ಚಿದಾಗ ಕಲಿಸುವ ಹಳೆಯ ಕಾರೊಂದನ್ನು ಮನೆಗೆ ತಂದಿಟ್ಟುಕೊಂಡರು. ಅದರಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು ಇದೆ, ಕಲಿಯುವವನು ಕಕ್ಕಾಬಿಕ್ಕಿಯಾದಾಗ ಮೇಷ್ಟ್ರು ತುಳಿಯುವುದಕ್ಕೆ. ಈಗ ಆ ಸೀಟಿನಲ್ಲಿ ಕೂರುವವರು ಅಜ್ಜಿ.

ಅವರು ಅದನ್ನು ಮೊದಲು ತುಳಿದದ್ದು ಹೋದ ವರ್ಷ. ಪಕ್ಕದ ಸಂದಿಯಿಂದ ತಳ್ಳುಗಾಡಿಯೊಂದು ರಸ್ತೆಗೆ ನುಗ್ಗಿತು. ಮೇಷ್ಟ್ರ ಕಣ್ಣು ಮುಂದಿನ ಲಾರಿಯ ಮೇಲೇ ನೆಟ್ಟಿತ್ತು. ಅಜ್ಜಿಯ ಕಾಲು ತಾನಾಗಿ ಎದ್ದು ಬ್ರೇಕಿನ ಮೇಲೆ ಬಿತ್ತು. ಮೇಷ್ಟ್ರೂ ತುಳಿದರು, ಆದರೆ ಆಮೇಲೆ.

"ನೋಡಿದ್ಯಾ, ಹೆಂಗೆ ನಿಲ್ಸಿದೆ!" ಎಂದು ಬೀಗಿದರು.

ಅಜ್ಜಿ ಬಾಯಿ ಬಿಡಲಿಲ್ಲ. ಹಾಗೆ ಬಾಯಿ ಬಿಡಬಾರದೆಂದು ಹೇಳಿಕೊಟ್ಟವರೂ ಈ ಮಹಾನುಭಾವರೇ. "ಹೊಸಬರಿಗೆ ನಾನು ಬ್ರೇಕ್ ಹಾಕಿದೆ ಅನ್ನಬಾರದು ಕಣೇ. ನೀನೇ ನಿಲ್ಸಿದ್ದು ಅಂತ ಬೆನ್ನು ತಟ್ಟಬೇಕು. ಇಲ್ದಿದ್ರೆ ಇರೋ ಧೈರ್ಯನೂ ಹೋಗಿಬಿಡುತ್ತೆ," ಎಂದು ಎಷ್ಟೋ ಸಲ ಊಟದ ಹೊತ್ತಿಗೆ ಹೇಳಿದ್ದರು.

ಅಜ್ಜಿ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದದ್ದೂ ಆಯಿತು. ಮೇಷ್ಟ್ರು ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನೂ ಪಟಪಟನೆ ಓದಿ, ಎದೆಯುಬ್ಬಿಸಿಕೊಂಡು ಬಂದರು. ನೋಡಿದ್ದು ಚೆನ್ನಾಗಿಯೇ ಕಾಣುತ್ತದೆ. ಒಂದನ್ನು ನೋಡುತ್ತಿರುವಾಗ ಪಕ್ಕದಲ್ಲಿ ಬರುವುದು ಗಮನಕ್ಕೆ ಬರುವುದಿಲ್ಲ, ಅಷ್ಟೆ. ಆ ಅಷ್ಟೆಯೇ ಅಜ್ಜಿಯ ನಿದ್ದೆ ಕೆಡಿಸಿತ್ತು.

ಕಾಲು ಉಳುಕಿದ ಮರುದಿನ ಮೊಮ್ಮಗಳನ್ನು ಶಾಲೆಗೆ ಬಿಡಲು ಮೇಷ್ಟ್ರು ಒಬ್ಬರೇ ಹೋದರು. ಅವರು ಬರುವ ತನಕ ಅಜ್ಜಿ ಜೀವ ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಬಳಿ ಕೂತಿದ್ದರು. ಆ ಭಯವನ್ನು ಇನ್ನೊಮ್ಮೆ ತಡೆದುಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಮಾರನೆಯ ಬೆಳಿಗ್ಗೆ ಕುಂಟುತ್ತಾ ಬಾಗಿಲಿಗೆ ಬಂದರು.

"ನಾನೂ ಬರ್ತೀನಿ."

"ಆ ಕಾಲಿಟ್ಕೊಂಡಾ? ತೆಪ್ಪಗೆ ಮಲ್ಕೋ ಹೋಗು."

"ಮಲಗಿ ಮಲಗಿ ಬೆನ್ನು ಹಿಡ್ಕೊಂಡಿದೆ. ನಡೀರಿ ಸುಮ್ನೆ."

ಮೊಮ್ಮಗಳು ಹಿಂದೆ ಕೂತಳು. ದಿನಾ ವಟವಟ ಎನ್ನುವ ಹುಡುಗಿ ಇವತ್ತು ಯಾಕೋ ತುಟಿ ಪಿಟಕ್ಕೆನ್ನಲಿಲ್ಲ. ಅಜ್ಜಿಗೆ ತಿರುಗಿ ನೋಡಲು ಪುರುಸೊತ್ತಿರಲಿಲ್ಲ. ಪಟ್ಟಿ ಕಟ್ಟಿದ ಪಾದವನ್ನು ಬ್ರೇಕಿನ ಮೇಲೆ ಇಟ್ಟುಕೊಂಡು, ಎರಡೂ ಪಕ್ಕದ ಸಂದಿಗೊಂದಿಗಳನ್ನು ನೋಡುತ್ತಾ ಕೂತರು.

ಮಾರುಕಟ್ಟೆಯ ಬಳಿ ಸಿಗ್ನಲ್ಲು ಹಸಿರಾಗಿತ್ತು. ಮೇಷ್ಟ್ರು ಅದನ್ನೇ ನೋಡುತ್ತಾ ವೇಗ ಹೆಚ್ಚಿಸಿದರು. ಎಡಗಡೆಯಿಂದ ಹೆಂಗಸೊಬ್ಬಳು ಮಗುವಿನ ಕೈ ಹಿಡಿದು ರಸ್ತೆಗಿಳಿದಳು.

ಅಜ್ಜಿ ತುಳಿದರು. ನೋವು ನೆತ್ತಿಗೇರಿತು, ಪಾದ ಜಾರಿತು. ಕಾರು ಹೋಗುತ್ತಲೇ ಇತ್ತು.

"ಅಯ್ಯೋ, ನಿಲ್ಸ್ರೀ!" ಎಂದು ಚೀರುತ್ತಾ ಎರಡೂ ಕಾಲು ಸೇರಿಸಿ ಒತ್ತಿದರು.

ಕಾರು ಮುಗ್ಗರಿಸಿ ನಿಂತಿತು, ಎಂಜಿನ್ ಆರಿತು. ಬಾನೆಟ್ಟಿನ ಮುಂದೆ ಮಗುವಿನ ಚೀಲ ಬಿದ್ದಿತ್ತು. ಮಗು ನಿಂತೇ ಇತ್ತು. ಹೆಂಗಸು ಅದನ್ನು ಬಾಚಿ ಎತ್ತಿಕೊಂಡು, ಶಾಪ ಹಾಕುತ್ತಾ ಆಚೆ ದಾಟಿದಳು.

ಮೇಷ್ಟ್ರು ಅಜ್ಜಿಯ ಕಾಲುಗಳನ್ನು ನೋಡಿದರು. ಆಮೇಲೆ ತಮ್ಮ ಕಾಲನ್ನು ನೋಡಿಕೊಂಡರು. ಅದು ಇನ್ನೂ ಆಕ್ಸಿಲರೇಟರ್ ಮೇಲೇ ಇತ್ತು. ಜೀವನವಿಡೀ ಕಲಿಸಿದ ಮನುಷ್ಯನಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಯಾವಾಗಿಂದ?" ಎಂದರು.

"ಹೋದ ವರ್ಷದಿಂದ," ಎಂದರು ಅಜ್ಜಿ. ರೇಗಲಿ ಎಂದು ಕಾದರು. ಮೇಷ್ಟ್ರು ರೇಗಲಿಲ್ಲ. ಅವರ ಮುಖದ ರಕ್ತವೆಲ್ಲ ಇಳಿದುಹೋಗಿತ್ತು.

"ಹಾಗಾದ್ರೆ ನಿನ್ನೆ... ನೀನು ಇರ್ಲೇ ಇಲ್ವಲ್ಲ."

ಹಿಂದಿನ ಸೀಟಿನಿಂದ ಮೊಮ್ಮಗಳ ಸಣ್ಣ ದನಿ ಬಂತು. "ನಿನ್ನೆ ನಾನು ಕಣ್ಣು ಮುಚ್ಕೊಂಡಿದ್ದೆ ಅಜ್ಜ. ಶಾಲೆ ಬರೋವರೆಗೂ."

ಅಜ್ಜಿ ತಿರುಗಿದರು. ಹುಡುಗಿ ಸೀಟಿನ ಮೂಲೆಯಲ್ಲಿ ಮುದುಡಿಕೊಂಡಿದ್ದಳು. ಕಣ್ಣು ಈಗಲೂ ಬಿಗಿಯಾಗಿ ಮುಚ್ಚಿತ್ತು.

ಹಿಂದಿನ ಗಾಡಿಗಳು ಹಾರ್ನ್ ಬಾರಿಸುತ್ತಿದ್ದವು. ಮೇಷ್ಟ್ರು ಕೀಲಿಯನ್ನು ಎಳೆದು ಅಜ್ಜಿಯ ಮಡಿಲಿಗೆ ಹಾಕಿದರು.

"ಕಣ್ಣು ಬಿಡು ಪುಟ್ಟಿ. ಅಜ್ಜ ಇನ್ಮೇಲೆ ಓಡಿಸಲ್ಲ."

ಹುಡುಗಿ ಕಣ್ಣು ಬಿಡಲಿಲ್ಲ.

"ಅಜ್ಜಿ, ನಿಜಾನಾ?" ಎಂದು ಕೇಳಿದಳು.